ಸೊನ್ನೆಯಿಂದ ಹತ್ತರವರೆಗೆ

ಡ್ಯೂಟಿ ಮುಗಿದ ಮೇಲೆ ನಮ್ಮ ಇನ್‌ಚಾರ್ಜ್ ಸಿಸ್ಟರ್ ಬಟ್ಟೆ ಬದಲಿಸುವ ಕೋಣೆಗೆ ಬಂದು, ಬೋರಲು ಹಾಕಿದ ಬಕೆಟ್ಟಿನ ಮೇಲೆ ಒಂದು ಕಾಲಿಟ್ಟು, ಬಿಳಿ ಸಾಕ್ಸನ್ನು ಕೆಳಕ್ಕೆ ಸುತ್ತಿ, ಕಣಕಾಲಿನ ಎಲುಬಿನ ಮೇಲೆ ಹೆಬ್ಬೆರಳು ಒತ್ತುತ್ತಿದ್ದರು. ಬೆರಳು ತೆಗೆದರೆ ಅಲ್ಲೊಂದು ಗುಂಡಿ. ಕಡಲೆಕಾಳು ಕೂರುವಷ್ಟು ಆಳ. ಆ ಗುಂಡಿ ಮತ್ತೆ ತುಂಬಿಕೊಳ್ಳುವವರೆಗೆ ತಮಿಳಿನಲ್ಲಿ ಎಣಿಸುತ್ತಿದ್ದರು: ಒಣ್ಣು, ರೆಂಡು, ಮೂಣು. “ಇವತ್ತು ಹದಿನಾಲ್ಕು. ನಿನ್ನೆಗಿಂತ ಎರಡು ಜಾಸ್ತಿ,” ಎಂದು ಯಾರದೋ ಕಾಲಿನ ಸುದ್ದಿಯನ್ನು ಹೇಳುವಂತೆ ಹೇಳಿ, ಚಪ್ಪಲಿ ಮೆಟ್ಟಿಕೊಂಡು ಹೊರಡುತ್ತಿದ್ದರು.

ಅವರು ಹಲಸೂರಿನ ಒಂದು ಖಾಸಗಿ ಆಸ್ಪತ್ರೆಯ ಮೂರನೇ ಮಹಡಿಯಲ್ಲಿ, ಆಪರೇಶನ್ ಆದವರನ್ನು ಮಲಗಿಸುವ ವಾರ್ಡಿನ ಇನ್‌ಚಾರ್ಜ್ ಆಗಿದ್ದರು. ಆಸ್ಪತ್ರೆಯ ಹೆಸರು ಹೇಳುವುದಿಲ್ಲ, ಯಾಕೆಂದರೆ ನಾನಿನ್ನೂ ಅಲ್ಲೇ ಅನ್ನ ತಿನ್ನುತ್ತಿದ್ದೇನೆ. ಸಿಸ್ಟರ್ ಹೆಸರೂ ಬೇಡ. ಅವರನ್ನು ಯಾರಾದರೂ ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿದ್ದು ಒಂದೇ ಸಲ, ಅದೂ ಕಲ್ಪಳ್ಳಿಯ ಸ್ಮಶಾನದಲ್ಲಿ, ಪಾದ್ರಿಯವರ ಬಾಯಲ್ಲಿ. ಒಂದು ಕ್ಷಣ ಅದು ಯಾರ ಹೆಸರೆಂದೇ ನನಗೆ ಹೊಳೆಯಲಿಲ್ಲ.

ಕುಕ್ ಟೌನಿನ ಒಂದು ಹಳೆಯ ಬಂಗಲೆಯ ಹಿಂದಿನ ಔಟ್‌ಹೌಸಿನಲ್ಲಿ ವಯಸ್ಸಾದ ಅಕ್ಕನ ಜೊತೆ ಅವರ ವಾಸ. ಮನೆಯಲ್ಲಿ ತಮಿಳು, ವಾರ್ಡಿನಲ್ಲಿ ಕನ್ನಡ, ಶಿವಾಜಿನಗರದಿಂದ ಬಂದ ಪೇಶೆಂಟುಗಳ ಜೊತೆ ದಖನಿ ಉರ್ದು, ಡಾಕ್ಟರುಗಳ ಜೊತೆ ಇಂಗ್ಲಿಷು. ಬೈಯುವುದಿದ್ದರೆ ಮಾತ್ರ ಎಲ್ಲರಿಗೂ ಕನ್ನಡದಲ್ಲೇ. “ಕನ್ನಡದಲ್ಲಿ ಬೈದ್ರೆ ಯಾರಿಗೂ ನೋವಾಗಲ್ಲ ಕಣೇ, ಊಟಕ್ಕೆ ಕರ್ದಂಗಿರುತ್ತೆ,” ಎನ್ನುತ್ತಿದ್ದರು. ಈ ಮಾತು ಸುಳ್ಳೆಂದು ಅವರ ಕೈಯಲ್ಲಿ ಬೈಸಿಕೊಂಡ ನಾನು ಪ್ರಮಾಣ ಮಾಡಿ ಹೇಳಬಲ್ಲೆ.

ನಾನು ರಾಯಚೂರು ಕಡೆಯವಳು. ನರ್ಸಿಂಗ್ ಮುಗಿಸಿ, ಗರುಡಾಚಾರ್‌ಪಾಳ್ಯದ ಒಂದು ರೂಮಿನಲ್ಲಿ ಇನ್ನಿಬ್ಬರು ಹುಡುಗಿಯರ ಜೊತೆ ಚಾಪೆ ಹಂಚಿಕೊಂಡು ಈ ಕೆಲಸಕ್ಕೆ ಸೇರಿದವಳು. ಮೊದಲ ದಿನ ಒಬ್ಬ ಪೇಶೆಂಟನ್ನು “ಬ್ಯಾನಿ ಭಾಳ ಅದ ಏನ್ರೀ?” ಎಂದು ಕೇಳಿದೆ. ಆತ ಮಿಕಮಿಕ ನೋಡಿದ. ಉಳಿದ ಹುಡುಗಿಯರು ಮುಖಕ್ಕೆ ಫೈಲು ಅಡ್ಡ ಹಿಡಿದುಕೊಂಡು ನಕ್ಕರು. ಸಿಸ್ಟರ್ ನಗಲಿಲ್ಲ. “ಏನಂದೆ? ಇನ್ನೊಂದ್ಸಲ ಹೇಳು,” ಎಂದು ಪೆನ್ನು ತೆಗೆದು ಅಂಗೈಯಲ್ಲಿ ಬರೆದುಕೊಂಡರು. ನೋವು, ವಲಿ, ದರ್ದ್, ನೊಪ್ಪಿ ಎಂದು ಅವರ ಹತ್ತಿರ ಆಗಲೇ ನಾಲ್ಕು ಭಾಷೆಯ ನೋವುಗಳಿದ್ದವು. ಅವತ್ತಿನಿಂದ ನಮ್ಮೂರಿನ ಬ್ಯಾನಿ ಐದನೆಯದಾಯಿತು.

ಮೂರನೇ ಮಹಡಿಯಲ್ಲಿ ನೋವು ಕೇಳುವುದೇ ದೊಡ್ಡ ಕೆಲಸ. ಸೊನ್ನೆಯಿಂದ ಹತ್ತರವರೆಗೆ. ಏನೂ ನೋವಿಲ್ಲದಿದ್ದರೆ ಸೊನ್ನೆ, ತಡೆದುಕೊಳ್ಳಲಾಗದಿದ್ದರೆ ಹತ್ತು. ಪೇಶೆಂಟ್ ಹೇಳಿದ ನಂಬರನ್ನು ಚಾರ್ಟಿನಲ್ಲಿ ಬರೆದು, ಅದರ ಮುಂದೆ ಒಂದು ಅಡ್ಡಗೆರೆ ಎಳೆದು ಹತ್ತು ಎಂದು ಹಾಕಬೇಕು: 3/10, 7/10. ನಂಬರು ಏರಿದರೆ ಡಾಕ್ಟರಿಗೆ ಫೋನು, ಇಳಿದರೆ ನೆಮ್ಮದಿ. ಇಪ್ಪತ್ತು ವರ್ಷಕ್ಕೂ ಮೀರಿ ಸಿಸ್ಟರ್ ದಿನಕ್ಕೆ ನಾಲ್ಕು ಸಲ ಇದನ್ನೇ ಬರೆದಿದ್ದರು. ಆ ಕೈಗೆ ಸೊನ್ನೆ ಎಂದರೆ ಸುಖ, ಹತ್ತು ಎಂದರೆ ಸಂಕಟ. ಇದನ್ನು ಓದುವವರು ನೆನಪಿಟ್ಟುಕೊಳ್ಳಬೇಕು. ನಾನು ಹೇಳಲು ಹೊರಟಿರುವ ಅನ್ಯಾಯವೆಲ್ಲ ಇಲ್ಲಿಂದಲೇ ಹುಟ್ಟಿದ್ದು.

ಕೆ.ಆರ್. ಪುರದ ಸಂತೆಯಲ್ಲಿ ಸೊಪ್ಪು ಮಾರುವ ಒಬ್ಬ ಅಜ್ಜಿ ಸೊಂಟ ಮುರಿದುಕೊಂಡು ಬಂದಿದ್ದರು. ಆಪರೇಶನ್ ಆದ ಮಾರನೆಯ ದಿನ ನೋವು ಎಷ್ಟೆಂದು ಕೇಳಿದೆ. “ಎರ್ಡು ಇರ್ಬೌದಮ್ಮ,” ಎಂದರು. ನಾನು 2/10 ಎಂದು ಬರೆದು ಮುಂದಿನ ಹಾಸಿಗೆಗೆ ಹೋಗುತ್ತಿದ್ದೆ. ಸಿಸ್ಟರ್ ಹಿಂದಿನಿಂದ ಬಂದು ನನ್ನ ಜಡೆ ಹಿಡಿದು ನಿಲ್ಲಿಸಿ, ಅಜ್ಜಿಯ ಕಾಲಿನ ಮೇಲಿನ ಹೊದಿಕೆ ಎತ್ತಿದರು. ಹತ್ತು ಬೆರಳೂ ಒಳಕ್ಕೆ ಮುದುರಿ ಗಟ್ಟಿಯಾಗಿ ಹಿಡಿದುಕೊಂಡಿದ್ದವು.

“ಎಂಟು ಅಂತ ಬರಿ.”

“ಅವ್ರೇ ಎರಡು ಅಂದ್ರಲ್ಲ ಸಿಸ್ಟರ್.”

“ಬಾಯಿ ಮರ್ಯಾದೆಗೆ ಮಾತಾಡುತ್ತೆ. ಕಾಲ್ಬೆರಳಿಗೆ ಮರ್ಯಾದೆ ಗೊತ್ತಿಲ್ಲ. ಫೋನ್ ಮಾಡು ಡಾಕ್ಟರ್‌ಗೆ.”

ಇಂಜೆಕ್ಷನ್ ಕೊಟ್ಟ ಅರ್ಧ ಗಂಟೆಗೆ ಬೆರಳುಗಳು ಒಂದೊಂದಾಗಿ ಬಿಡಿಸಿಕೊಂಡವು. ಅಜ್ಜಿ ನಿದ್ದೆ ಹೋದರು. ಅಂದಿನಿಂದ ಇಂದಿನವರೆಗೆ ಯಾರಾದರೂ “ಪರವಾಗಿಲ್ಲ” ಎಂದರೆ ನನ್ನ ಕಣ್ಣು ತಾನಾಗಿ ಅವರ ಕಾಲಿನ ಕಡೆ ಹೋಗುತ್ತದೆ. ಇಷ್ಟು ಚೆನ್ನಾಗಿ ಕಲಿತವಳು ನಾನು. ಗೊತ್ತಿರಲಿಲ್ಲ ಎನ್ನುವ ನೆಪ ನನಗಿಲ್ಲ ಎಂದು ತಿಳಿಯಲಿ ಅಂತಲೇ ಇದನ್ನು ಮೊದಲು ಹೇಳಿದೆ.

ನಮ್ಮ ವಾರ್ಡಿನಲ್ಲಿ ಕುರ್ಚಿ ಇರಲಿಲ್ಲ. ಮೊದಲು ಎರಡಿದ್ದವು. ನರ್ಸುಗಳು ಕೂತೇ ಇರುತ್ತಾರೆ ಎಂದು ಯಾವನೋ ಪುಣ್ಯಾತ್ಮ ಇಂಟರ್ನೆಟ್ಟಿನಲ್ಲಿ ದೂರು ಬರೆದ. ಅವನ ಮಾವನಿಗೆ ಸಲೈನ್ ಹಾಕಿ, ಬೆಡ್‌ಪ್ಯಾನ್ ಕೊಟ್ಟು, ಮೂಸಂಬಿ ಸುಲಿದುಕೊಟ್ಟು ಚಾರ್ಟ್ ಬರೆಯಲು ಕೂತಿದ್ದ ಐದು ನಿಮಿಷ ಅವನ ಕಣ್ಣಿಗೆ ಬಿದ್ದಿತ್ತು. ಮಾರನೆಯ ದಿನ ಕುರ್ಚಿಗಳು ಹೋದವು. ಆಮೇಲೆ ನಾವು ಚಾರ್ಟನ್ನು ನಿಂತೇ ಬರೆದೆವು, ಊಟವನ್ನು ಬೆಡ್‌ಶೀಟ್ ಇಡುವ ಕೋಣೆಯಲ್ಲಿ ಕಪಾಟಿಗೆ ಒರಗಿ ನಿಂತೇ ಮಾಡಿದೆವು. ನಾಲ್ವರು ಕೆಲಸ ಮಾಡಬೇಕಾದ ವಾರ್ಡಿನಲ್ಲಿ ಒಂದು ಶಿಫ್ಟಿಗೆ ಇಬ್ಬರಿದ್ದೆವು, ಇನ್‌ಚಾರ್ಜ್ ಸೇರಿ ಮೂವರು. ಸಿಸ್ಟರ್ ತಂದ ಚಿತ್ರಾನ್ನದಲ್ಲಿ ನನ್ನದೊಂದು ಪಾಲು ಯಾವಾಗಲೂ ಇರುತ್ತಿತ್ತು. “ಕೈ ಕೆಸರಾದ್ರೆ ಬಾಯಿ ಮೊಸರು ಅಂತಾರೆ. ನಮಗೆ ಕೈ ಕೆಸರಾದ್ರೆ ಸ್ಯಾನಿಟೈಸರು, ಅಷ್ಟೇ,” ಎಂದು ಡಬ್ಬಿ ಮುಚ್ಚುತ್ತಿದ್ದರು.

ಆಸ್ಪತ್ರೆಗೆ ಗುಣಮಟ್ಟದ ಸರ್ಟಿಫಿಕೇಟು ಬೇಕಾಗಿತ್ತು. ಅದಕ್ಕೆಂದು ಕೆಳಗೆ ಕ್ವಾಲಿಟಿ ಎಂದು ಒಂದು ಕೋಣೆ ತೆರೆದು, ಕಂಪ್ಯೂಟರ್ ಬರುವ ನರ್ಸ್ ಒಬ್ಬರನ್ನು ಕೊಡಿ ಎಂದರು. ಸಿಸ್ಟರ್ ನನ್ನ ಹೆಸರು ಕೊಟ್ಟರು. ಸೀನಿಯಾರಿಟಿಯ ಮೇಲೆ ಅವರೇ ಕೇಳಿದ್ದರೆ ಇಲ್ಲ ಎನ್ನುವವರಿರಲಿಲ್ಲ, ಕಂಪ್ಯೂಟರನ್ನು ಒಂದು ವಾರದಲ್ಲಿ ಕಲಿಯುತ್ತಿದ್ದರು. “ನಿಂಗಿನ್ನೂ ಮೂವತ್ತು ವರ್ಷ ಸರ್ವಿಸ್ ಇದೆ. ಕಾಲು ಉಳಿಸ್ಕೋ,” ಎಂದರು. ಆ ಕೋಣೆಯಲ್ಲಿ ನನಗೊಂದು ಕುರ್ಚಿ ಸಿಕ್ಕಿತು. ಗಾಲಿ ಇರುವ, ತಿರುಗುವ ಕುರ್ಚಿ. ಮೊದಲ ವಾರ ಯಾರೂ ಇಲ್ಲದಾಗ ಅದರಲ್ಲಿ ಒಂದು ಸುತ್ತು ತಿರುಗಿದ್ದೂ ಉಂಟು.

ಸರ್ಟಿಫಿಕೇಟಿಗೆ ಬೇಕಾದ ನೂರೆಂಟು ಕಾಗದಗಳಲ್ಲಿ ಸಿಬ್ಬಂದಿ ತೃಪ್ತಿ ಸಮೀಕ್ಷೆ ಎಂಬುದೂ ಒಂದು. ಕೆಲಸದಲ್ಲಿ ನಿಮಗೆ ಎಷ್ಟು ತೃಪ್ತಿ ಇದೆ ಎಂದು ಪ್ರತಿಯೊಬ್ಬರನ್ನೂ ಕೇಳಬೇಕು. ಪ್ರತಿ ಪ್ರಶ್ನೆಯ ಎದುರಿಗೆ ಸೊನ್ನೆಯಿಂದ ಹತ್ತರವರೆಗೆ ಒಂದು ಗೆರೆ. ಸೊನ್ನೆ ಎಂದರೆ ತೃಪ್ತಿ ಇಲ್ಲ, ಹತ್ತು ಎಂದರೆ ಪೂರ್ತಿ ತೃಪ್ತಿ. ಇದನ್ನು ಹೇಳುವ ಸಾಲು ಫಾರಂನ ತಲೆಯಲ್ಲಿತ್ತು. ಕಾಗದ ಉಳಿಸಲು ಎರಡು ಪುಟವನ್ನು ಒಂದಕ್ಕೆ ಇಳಿಸಿ ಜೆರಾಕ್ಸ್ ಮಾಡಿದವಳು ನಾನು. ಆ ತಲೆಯ ಸಾಲು ಅರ್ಧ ಕತ್ತರಿಸಿಹೋಗಿತ್ತು. ನೋಡಿದೆ, ಇರಲಿ ಬಿಡು ಎಂದುಕೊಂಡೆ. ಹೇಗೂ ಬೆಳಗಿನ ಮೀಟಿಂಗಿನಲ್ಲಿ ನರ್ಸಿಂಗ್ ಸೂಪರಿಂಟೆಂಡೆಂಟ್ ಮೇಡಂ ಎಲ್ಲರನ್ನೂ ನಿಲ್ಲಿಸಿಕೊಂಡು, “ನೋಡ್ರಮ್ಮ, ಎಂಟರ ಕೆಳಗೆ ಯಾರೂ ಹಾಕ್ಬೇಡಿ, ಆಮೇಲೆ ನಮ್ಗೇ ಪ್ರಾಬ್ಲಂ,” ಎಂದು ಹೇಳಿಯಾಗಿತ್ತು. ಆ ಮೀಟಿಂಗಿಗೆ ಸಿಸ್ಟರ್ ಬಂದಿರಲಿಲ್ಲ. ವಾರ್ಡು ಬಿಟ್ಟು ಬರಲು ಅವರ ಜಾಗಕ್ಕೆ ಯಾರೂ ಇರಲಿಲ್ಲ.

ಫಾರಂಗಳು ನನ್ನ ಟೇಬಲ್ಲಿಗೆ ಬಂದವು. ಎಂಟು, ಒಂಬತ್ತು, ಎಂಟು, ಒಂಬತ್ತು, ಎಲ್ಲರದೂ ಕಾಪಿ ಹೊಡೆದ ಹಾಗೆ. ನಡುವೆ ಸಿಸ್ಟರ್ ಫಾರಂ ಬಂತು. ಔಷಧಿ ಟ್ರಾಲಿಯ ಮೇಲಿಟ್ಟು ಬರೆದದ್ದಿರಬೇಕು, ಮೂಲೆಯಲ್ಲಿ ಅಯೋಡಿನ್ ಕಲೆ ಇತ್ತು. ವಾರ್ಡಿನಲ್ಲಿ ಸಾಕಷ್ಟು ಸಿಬ್ಬಂದಿ: 9/10. ಕೂರಲು, ವಿಶ್ರಾಂತಿಗೆ ಅವಕಾಶ: 10/10. ಊಟದ ಸಮಯ: 8/10. ರಜೆ: 9/10. ಸಹೋದ್ಯೋಗಿಗಳ ಜೊತೆಗಿನ ಸಂಬಂಧ: 0/10.

ಆ ಸೊನ್ನೆ ನೋಡಿದ ಕೂಡಲೇ ನನಗೆ ಎಲ್ಲ ತಿಳಿಯಿತು. ಸಿಸ್ಟರ್ ತೃಪ್ತಿ ಬರೆದಿರಲಿಲ್ಲ, ನೋವು ಬರೆದಿದ್ದರು. ಸಿಬ್ಬಂದಿ ಇಲ್ಲದ ನೋವು ಒಂಬತ್ತು, ಕೂರಲಾಗದ ನೋವು ಹತ್ತು, ಜೊತೆಯ ಹುಡುಗಿಯರಿಂದ ಸೊನ್ನೆ. ಫಾರಂ ಕೈಯಲ್ಲಿ ಹಿಡಿದು ಮೂರನೇ ಮಹಡಿಗೆ ಹೋಗಿ, “ಸಿಸ್ಟರ್, ಉಲ್ಟಾ ಬರ್ದಿದ್ದೀರಿ, ತಿದ್ದಿಕೊಡಿ,” ಎಂದರೆ ಮುಗಿಯುತ್ತಿತ್ತು. ಹೋಗಲಿಲ್ಲ. ಹೋದರೆ ಜೆರಾಕ್ಸ್ ಕೆಡಿಸಿದ್ದು ಹೊರಗೆ ಬರುತ್ತಿತ್ತು, ಮೇಲಾಗಿ ಆ ಒಂಬತ್ತು ಹತ್ತುಗಳು ಲೆಕ್ಕಕ್ಕೆ ಬಹಳ ಚೆನ್ನಾಗಿದ್ದವು. ಕ್ವಾಲಿಟಿ ನೋಡಿಕೊಳ್ಳುವ ನಮ್ಮ ಸಾಹೇಬರಿಗೆ ಅಂಥದ್ದೇ ಬೇಕಾಗಿತ್ತು. ಇದ್ದದ್ದನ್ನು ಇದ್ದ ಹಾಗೆ ಕಂಪ್ಯೂಟರಿಗೆ ಹಾಕಿದೆ. ನನ್ನ ಕೆಲಸ ಅಷ್ಟೇ ಎಂದು ಹೇಳಿಕೊಂಡೆ.

ಸರ್ಟಿಫಿಕೇಟು ಬಂತು. ಹತ್ತಕ್ಕೆ ಹತ್ತು ಹಾಕಿದವರು ಅವರೊಬ್ಬರೇ ಆದ್ದರಿಂದ, ಆ ಸೊನ್ನೆಯನ್ನು ಬದಿಗಿಟ್ಟು, ಅತ್ಯಂತ ತೃಪ್ತ ಉದ್ಯೋಗಿ ಎಂದು ಸಿಸ್ಟರ್ ಫೋಟೋ ಲಿಫ್ಟಿನ ಪಕ್ಕದ ಗೋಡೆಗೆ ಏರಿತು. ಅವರು ಅದನ್ನು ಇಷ್ಟು ವರ್ಷದ ಸೇವೆಗೆ ಕೊಟ್ಟ ಬಹುಮಾನ ಎಂದೇ ತಿಳಿದರು. “ಸತ್ಮೇಲೆ ಗೋಡೆಗೆ ಹಾಕೋ ಫೋಟೋನ ಈಗ್ಲೇ ಹಾಕ್ಬಿಟ್ರಲ್ಲ,” ಎಂದು ನಕ್ಕರು. ಸೊನ್ನೆಯ ವಿಷಯ ಮಾತ್ರ ಹೇಗೋ ವಾರ್ಡಿಗೆ ಸೋರಿತು. ಸಿಸ್ಟರ್ ನಮಗೆಲ್ಲ ಸೊನ್ನೆ ಕೊಟ್ಟಿದ್ದಾರಂತೆ ಎಂದು ಹುಡುಗಿಯರು ಮುಖ ಊದಿಸಿಕೊಂಡು ಓಡಾಡಿದರು. ಸಿಸ್ಟರ್ ತಂದ ಚಿತ್ರಾನ್ನದ ಡಬ್ಬಿ ಖಾಲಿಯಾಗದೆ ವಾಪಸ್ ಹೋಯಿತು. ಯಾಕೆಂದು ಅವರಿಗೆ ಗೊತ್ತಾಗಲಿಲ್ಲ. ನನಗೆ ಗೊತ್ತಿತ್ತು.

ಆ ಹೊತ್ತಿಗೆ ಕಾಲಿನ ಗುಂಡಿ ಇಪ್ಪತ್ತರ ಎಣಿಕೆ ದಾಟಿತ್ತು. ಮೆಟ್ಟಿಲು ಹತ್ತುವಾಗ ಅರ್ಧದಲ್ಲಿ ನಿಂತು, ಮೊಬೈಲ್ ನೋಡುವವರಂತೆ ನಟಿಸಿ ಉಸಿರು ತೆಗೆದುಕೊಳ್ಳುತ್ತಿದ್ದರು. ಕೊನೆಗೆ ಒಂದು ಅರ್ಜಿ ಬರೆದರು. ನೆಲಮಹಡಿಯಲ್ಲಿ ಮಕ್ಕಳಿಗೆ ಲಸಿಕೆ ಹಾಕುವ ಕೋಣೆ ಇತ್ತು, ಅಲ್ಲಿ ನರ್ಸ್ ಕೂತು ಕೆಲಸ ಮಾಡಬಹುದಿತ್ತು. ತಮ್ಮನ್ನು ಅಲ್ಲಿಗೆ ಹಾಕಿ, ನಿಲ್ಲಲು ಆಗುತ್ತಿಲ್ಲ ಎಂದು ಕೇಳಿದ್ದರು. ಅವರು ತಮಗಾಗಿ ಏನನ್ನಾದರೂ ಕೇಳಿದ್ದು ನನಗೆ ತಿಳಿದ ಮಟ್ಟಿಗೆ ಅದೊಂದೇ.

ಎಚ್.ಆರ್. ಮ್ಯಾನೇಜರ್ ಅವರನ್ನು ಕರೆಸಿದರು. ಸಮೀಕ್ಷೆಯ ಫೈಲು ತರಲು ನನ್ನನ್ನೂ ಕರೆದರು. ಫೈಲು ತೆರೆದು, ಸಿಸ್ಟರ್ ಫಾರಂ ಅವರ ಮುಂದೆಯೇ ಇಟ್ಟು ಮ್ಯಾನೇಜರ್ ಹೇಳಿದರು:

“ಸಿಸ್ಟರ್, ರೆಸ್ಟ್‌ಗೆ ನೀವೇ ಟೆನ್ ಔಟ್ ಆಫ್ ಟೆನ್ ಕೊಟ್ಟಿದ್ದೀರಲ್ಲ. ಇಡೀ ಆಸ್ಪತ್ರೇಲಿ ಯಾರೂ ಇಷ್ಟು ಕೊಟ್ಟಿಲ್ಲ. ಈಗ ನಿಲ್ಲಕ್ಕಾಗಲ್ಲ ಅಂದ್ರೆ ಹೇಗೆ?”

ಸಿಸ್ಟರ್ ಕನ್ನಡಕ ಹಾಕಿಕೊಂಡು ತಮ್ಮದೇ ಬರಹವನ್ನು ತುಂಬ ಹೊತ್ತು ನೋಡಿದರು. ಆಮೇಲೆ ಮೆಲ್ಲಗೆ, “ಇದು ನಾನು ನೋವು ಅಂದ್ಕೊಂಡು ಬರ್ದೆ ಸರ್,” ಎಂದರು.

ಮ್ಯಾನೇಜರ್ ನಕ್ಕರು. ಕೆಟ್ಟ ನಗುವಲ್ಲ, ನಂಬದ ನಗು. ನನ್ನ ಕಡೆ ತಿರುಗಿ ಕೇಳಿದರು: “ಎಂಟ್ರಿ ಮಾಡಿದ್ದು ನೀವಲ್ವಾ? ನಿಮಗೇನಾದ್ರೂ ಡೌಟ್ ಬಂದಿತ್ತಾ?”

“ಇಲ್ಲ ಸರ್,” ಎಂದೆ.

ಸಿಸ್ಟರ್ ನನ್ನನ್ನು ನೋಡಿದರು. ಮುಖವನ್ನಲ್ಲ, ಕೆಳಗೆ, ನನ್ನ ಕಾಲನ್ನು. ಶೂ ಹಾಕಿದ್ದೆ, ಏನೂ ಕಾಣುವಂತಿರಲಿಲ್ಲ. ಮಾತು ಬೆಳ್ಳಿ, ಮೌನ ಬಂಗಾರ ಎನ್ನುತ್ತಾರೆ. ನಾನು ಬಾಯಿ ಬಿಟ್ಟಿದ್ದರೆ ನನ್ನ ಕುರ್ಚಿ ಹೋಗುತ್ತಿತ್ತು, ಬಾಯಿ ಮುಚ್ಚಿದ್ದಕ್ಕೆ ಅದು ಉಳಿಯಿತು. ಅರ್ಜಿಯ ಮೇಲೆ ಪರಿಗಣಿಸಲಾಗದು ಎಂದು ಬರೆಯಲಾಯಿತು. ಸೊನ್ನೆ ಕೊಟ್ಟದ್ದಕ್ಕೆ ಸಹೋದ್ಯೋಗಿಗಳ ಜೊತೆ ಹೊಂದಾಣಿಕೆ ಕಲಿಸುವ ಎರಡು ಗಂಟೆಯ ತರಗತಿಗೂ ಸಿಸ್ಟರನ್ನು ಕಳಿಸಿದರು. ತರಗತಿ ಮುಗಿಸಿಕೊಂಡು ನೇರ ನನ್ನ ಕೋಣೆಗೆ ಬಂದರು. ಬೈಯುತ್ತಾರೆ ಎಂದು ನಾನು ಎದ್ದು ನಿಂತೆ. “ಎರಡು ಗಂಟೆ ಕೂತಿದ್ದೆ ಕಣೇ, ಎ.ಸಿ.ಯಲ್ಲಿ. ಮುಂದಿನ ಸಲಾನೂ ಸೊನ್ನೆ ಹಾಕ್ತೀನಿ,” ಎಂದು ನಕ್ಕು, ಟೇಬಲ್ಲಿನ ಮೇಲೆ ಡಬ್ಬಿ ಇಟ್ಟರು. “ಊಟ ಮಾಡಿರಲ್ಲ ನೀನು. ತಿನ್ನು.” ಬೈದಿದ್ದರೆ ಚೆನ್ನಾಗಿತ್ತು. ಅವರು ಹೋದ ಮೇಲೆ ಚಿತ್ರಾನ್ನ ಮುಟ್ಟದೆ ಡಬ್ಬಿ ಮುಚ್ಚಿಟ್ಟೆ.

ವಾರ್ಡಿನ ಹುಡುಗಿಯರಿಗೂ ಅವರೇ ಹೇಳಿದರು. “ಸೊನ್ನೆ ಅಂದ್ರೆ ನಿಮ್ಮಿಂದ ನಂಗೆ ನೋವೇ ಇಲ್ಲ ಅಂತ ಕಣ್ರೇ, ಮಂಕುಗಳಾ.” ಒಬ್ಬಳು ಅತ್ತಳು. ಇನ್ನೊಬ್ಬಳು ನಂಬಿದಳೋ ಇಲ್ಲವೋ, ಆ ತಿಂಗಳೇ ಕೆಲಸ ಬಿಟ್ಟು ಬೇರೆ ಕಡೆ ಹೋದಳು. ಅವಳ ಜಾಗಕ್ಕೆ ಯಾರನ್ನೂ ಹಾಕಲಿಲ್ಲ.

ಆಮೇಲೆ ಐದು ತಿಂಗಳು ಸಿಸ್ಟರ್ ನಿಂತರು. ಒಂದು ಮಧ್ಯಾಹ್ನ ಡಿಸ್ಚಾರ್ಜ್ ಆಗಿ ಖಾಲಿಯಾಗಿದ್ದ ಹನ್ನೊಂದನೇ ಹಾಸಿಗೆಯ ಅಂಚಿನಲ್ಲಿ ಕೂತರು. ವಾರ್ಡಿನಲ್ಲಿ ಅವರು ಕೂತಿದ್ದನ್ನು ಯಾರೂ ನೋಡಿರಲಿಲ್ಲ. ಇಂಜೆಕ್ಷನ್ ಕೊಡುತ್ತಿದ್ದ ಹುಡುಗಿ ಅದನ್ನು ನೋಡಿದವಳೇ ಟ್ರೇ ಕೆಳಗಿಟ್ಟು ಓಡಿ ಬಂದಳಂತೆ. ಸಿಸ್ಟರ್ ಬೀಳಲಿಲ್ಲ, ಕೂಗಲಿಲ್ಲ. ಸುಮ್ಮನೆ ಕೂತರು, ಅಷ್ಟಕ್ಕೇ ಎಲ್ಲರಿಗೂ ಗೊತ್ತಾಯಿತು.

ಹೃದಯ ವರ್ಷಗಳಿಂದ ಸೋಲುತ್ತಾ ಬಂದಿದೆ ಎಂದರು ಡಾಕ್ಟರು. ಕಾಲು ಊದಿದರೆ ಮೊದಲು ಹೃದಯ ನೋಡಬೇಕು ಎಂದು ನಾವೆಲ್ಲ ಮೊದಲ ವರ್ಷದಲ್ಲೇ ಓದಿದವರು. ಪೇಶೆಂಟಿನ ಕಾಲಾಗಿದ್ದರೆ ಅದೇ ದಿನ ಎಕೋ ಸ್ಕ್ಯಾನ್ ಮಾಡಿಸುತ್ತಿದ್ದೆವು. ಸಿಸ್ಟರ್ ಕಾಲಾದ್ದರಿಂದ ನಿಂತು ನಿಂತು ಊದಿದೆ ಎಂದುಕೊಂಡೆವು, ಅವರೂ ಅದನ್ನೇ ಅಂದುಕೊಂಡರು. ಹತ್ತು ಹೆಜ್ಜೆಯಲ್ಲಿ ಡಾಕ್ಟರುಗಳು ಓಡಾಡುವ ಜಾಗದಲ್ಲಿ ದಿನವೂ ಹೆಬ್ಬೆರಳು ಒತ್ತಿ ಗುಂಡಿ ಎಣಿಸಿದ ಒಬ್ಬ ಹೆಂಗಸಿನ ಎದೆಗೆ ಯಾರೂ ಸ್ಟೆತಸ್ಕೋಪ್ ಇಡಲಿಲ್ಲ. ಇದನ್ನು ನೆನೆದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ, ಆಮೇಲೆ ಆ ಯಾರೂ ಎನ್ನುವವರಲ್ಲಿ ನಾನೂ ಇದ್ದೆ ಎಂದು ನೆನಪಾಗುತ್ತದೆ.

ಅದೇ ಹನ್ನೊಂದನೇ ಹಾಸಿಗೆಯಲ್ಲಿ ಅವರನ್ನು ಮಲಗಿಸಿದರು. ಮಾರನೆಯ ದಿನ ಸಂಜೆ ನಾಲ್ಕಕ್ಕೆ ಮೇಲೆ ಹೋದೆ. ವಾರ್ಡಿಗೆ ಒಬ್ಬಳೇ ನರ್ಸ್ ಓಡಾಡುತ್ತಿದ್ದಳು. ಸಿಸ್ಟರ್ ಅವಳನ್ನೇ ನೋಡುತ್ತಿದ್ದರು. ಎರಡು ಸಲ ಕರೆಯಲು ಕೈ ಎತ್ತಿ, ಅವಳ ಅವಸರ ಕಂಡು ಇಳಿಸಿದರು. ನಾನು ಚಾರ್ಟ್ ನೋಡಿದೆ. ಬೆಳಿಗ್ಗೆಯಿಂದ ನೋವಿನ ಕಾಲಂನಲ್ಲಿ 2/10, 2/10 ಎಂದು ಬರೆದಿತ್ತು. ಹೊದಿಕೆ ಎತ್ತಿ ನೋಡುವ ಧೈರ್ಯ ನನಗಾಗಲಿಲ್ಲ.

“ಬ್ಯಾನಿ ಎಷ್ಟದ ಸಿಸ್ಟರ್?” ಎಂದು ಕೇಳಿದೆ. ನಮ್ಮೂರಿನ ಮಾತೇ ಬಾಯಿಗೆ ಬಂತು.

ಅವರು ನಕ್ಕರು. ಉಸಿರು ಸಾಲದೆ ನಿಲ್ಲಿಸಿ ನಿಲ್ಲಿಸಿ ಹೇಳಿದರು: “ಯಾವ ಕಡೆಯಿಂದ ಎಣಿಸ್ಲಿ?”

ನಾನು ಅತ್ತೆ. ಆವತ್ತು ನನಗೆ ಗೊತ್ತಿತ್ತು, ಆ ಸೊನ್ನೆ ನೋಡಿದಾಗಲೇ ಗೊತ್ತಿತ್ತು, ಸುಳ್ಳು ಹೇಳಿದೆ ಎಂದು ಒಂದೇ ಉಸಿರಿಗೆ ಹೇಳಿಬಿಟ್ಟೆ.

“ನಂಗೊತ್ತು. ನಾನೇ ಕಲ್ಸಿದ್ದಲ್ವಾ ನಿಂಗೆ.” ಆಮೇಲೆ, “ಕುರ್ಚಿ ಬಿಡ್ಬೇಡ. ಬಿಟ್ರೂ ನಂಗೇನ್ ಸಿಗಲ್ಲ ಅದು,” ಎಂದರು. ಕ್ಷಮಿಸಿದೆ ಎನ್ನಲಿಲ್ಲ. ಅದನ್ನು ಕೇಳುವ ಯೋಗ್ಯತೆ ನನಗೂ ಇರಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ಶಿಫ್ಟ್ ಬದಲಾಗುವ ಹೊತ್ತಿಗೆ ಹೋದರು. ಕಲ್ಪಳ್ಳಿಗೆ ಬಂದವರು ಆವತ್ತು ಡ್ಯೂಟಿ ಇಲ್ಲದವರಷ್ಟೇ. ಅವರ ವಾರ್ಡಿನ ಹುಡುಗಿಯರಿಗೆ ಯಾರಿಗೂ ಬರಲಾಗಲಿಲ್ಲ, ವಾರ್ಡು ಬಿಡುವಂತಿರಲಿಲ್ಲ. ಅವರ ವಯಸ್ಸಾದ ಅಕ್ಕನನ್ನು ಯಾರೋ ಕುರ್ಚಿ ತಂದು ಕೂರಿಸಿದರು.

ಲಿಫ್ಟಿನ ಪಕ್ಕದ ಫೋಟೋ ಆರು ತಿಂಗಳು ಹಾಗೇ ಇತ್ತು. ಆಮೇಲೆ ಮತ್ತೆ ಸಮೀಕ್ಷೆ ಬಂತು. ಈ ಸಲ ಫಾರಂನ ತಲೆಯ ಸಾಲನ್ನು ನಾನೇ ದಪ್ಪ ಅಕ್ಷರದಲ್ಲಿ ಹಾಕಿಸಿದೆ: ಸೊನ್ನೆ ಎಂದರೆ ತೃಪ್ತಿ ಇಲ್ಲ, ಹತ್ತು ಎಂದರೆ ಪೂರ್ತಿ ತೃಪ್ತಿ. ಯಾರೂ ತಪ್ಪು ಮಾಡಲಿಲ್ಲ. ಮೂರನೇ ಮಹಡಿಯಿಂದ ಬಂದ ಫಾರಂಗಳಲ್ಲೂ ಎಂಟು, ಒಂಬತ್ತು, ಎಂಟು. ಅಲ್ಲಿ ಈಗಲೂ ಕುರ್ಚಿ ಇಲ್ಲ. ನನಗೆ ತಿಳಿದಂತೆ ನಮ್ಮ ಆಸ್ಪತ್ರೆಯಲ್ಲಿ ನಿಜ ಬರೆದ ಫಾರಂ ಒಂದೇ, ಅದು ಹಳೆಯ ಫೈಲಿನಲ್ಲಿದೆ, ಅಯೋಡಿನ್ ಕಲೆ ಇರುವುದು.

ಕೊನೆಗೆ ನನ್ನ ಫಾರಂ ತುಂಬಿದೆ. ಎಲ್ಲದಕ್ಕೂ ಎಂಟು ಹಾಕಿದೆ. ಬರೆದು ಮುಗಿಸಿ ಪೆನ್ನು ಇಟ್ಟಾಗ ಗೊತ್ತಾಯಿತು, ಟೇಬಲ್ಲಿನ ಕೆಳಗೆ, ಶೂಗಳ ಒಳಗೆ ನನ್ನ ಹತ್ತೂ ಬೆರಳು ಮುದುರಿಕೊಂಡಿದ್ದವು.